ಬಿ.ಎ. ಪಾಠಕ್ಕೆ ನನ್ನ ಹಾಜರಾತಿ

ಸ್ನೇಹಿತರೇ, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ನಾನು ಇವತ್ತು ಮಧ್ಯಾಹ್ನದವರೆಗೂ ಬಿ.ಎ. ಪಾಠದಲ್ಲಿದ್ದೆ. ಚನ್ನಗಿರಿಯ ಒಂದು ಆನ್‌ಲೈನ್ ಪದವಿ ಕೇಂದ್ರದಲ್ಲಿ ನನಗೆ ಕೆಲಸ. ಮೇಜಿನ ತುಂಬ ಮೊಬೈಲು, ಒಂದೊಂದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಪಾಠ. ಶಬ್ದ ಬಂದ್ ಮಾಡಿರುತ್ತಾರೆ. ಪಾಠ ನಿಂತಾಗ ನಾನು ‘ಮುಂದೆ’ ಒತ್ತಬೇಕು. ಹಾಜರಾತಿ ತುಂಬಿದರೆ ಕೇಂದ್ರಕ್ಕೆ ಅನುದಾನ.

ಬಸವಾಪಟ್ಟಣದಲ್ಲಿ ಬ್ಲೌಸ್ ಹೊಲಿಯುವ ರತ್ನಕ್ಕ ಬಂದರು. ನಮ್ಮಲ್ಲಿ ಬಿ.ಎ.ಗೆ ಸೇರಿದಾಗಿನಿಂದ ಅವರು ಒಂದು ಪಾಠವನ್ನೂ ಕೇಳಿಲ್ಲ.

“ನನ್ನ ಪಾಸ್‌ವರ್ಡ್ ಕೊಡ್ರಿ. ಮಷಿನ್ ತುಳೀತಾ ಕೇಳ್ತೀನಿ.”

“ನಿಮಗ್ಯಾಕೆ ಆ ತ್ರಾಸು ಅಕ್ಕಾ? ಕೇಳಾಕೆ ಈ ಹುಡುಗ ಅದಾನಲ್ಲ,” ಎಂದು ನನ್ನ ಕಡೆ ಕೈ ತೋರಿಸಿದರು ಕೇಂದ್ರದ ಮಾಲೀಕರು.

“ಅವ್ನು ಕೇಳಿದ್ರೆ ನನ್ನ ತಲೆಗೆ ಹೆಂಗ್ರೀ ಹೋಗ್ತೈತೆ? ಪರೀಕ್ಷೆ ಬರೆಯೋಳು ನಾನು!”

ನನಗೆ ತಡೆಯಲಾಗಲಿಲ್ಲ. “ಅಕ್ಕಾ, ನಾನೂ ಕೇಳ್ತಿಲ್ಲ. ಪಾಸ್‌ವರ್ಡ್ ಎಲ್ರಿಗೂ ಒಂದೇ ಐತೆ, ತಗೊಳ್ರಿ,” ಎಂದು ಅವರ ಮೊಬೈಲಿಗೆ ಹಾಕಿಕೊಟ್ಟೆ.

“ದೊಡ್ಡ ಸತ್ಯವಂತ! ಹೊರಗೆ ನಡಿಯೋ!” ಎಂದರು ಮಾಲೀಕರು.

ರತ್ನಕ್ಕ ಬಸ್ಸಿನಲ್ಲೇ ಪಾಠ ಹಚ್ಚಿಕೊಂಡು ಊರಿಗೆ ಹೋದರು. ಸಂಜೆ ಕೇಂದ್ರದವರ ವಾಟ್ಸಾಪ್ ಸ್ಟೇಟಸ್ ನೋಡಿದೆ: “ದಾಖಲಾತಿ ಹೆಚ್ಚಿರುವುದರಿಂದ ಹೊನ್ನಾಳಿಯಲ್ಲೂ ಹೊಸ ಕೇಂದ್ರ. ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ. ಪದವಿ ಕಡ್ಡಾಯ.”

‘ಮುಂದೆ’ ಒತ್ತುವುದಕ್ಕೂ ಇನ್ನು ಪದವಿ ಬೇಕಂತೆ.