ಬಾಯಮ್ಮನಿಗೆ ಹೇಳಬಾರದು

ಕಳೆದ ವಾರ ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ ಜೊತೆಯವರೊಬ್ಬರು ತಮ್ಮ ಡಬ್ಬಿಯ ಮುಚ್ಚಳ ತೆಗೆದರು. ಉಪ್ಪು ಹಾಕಿ ಬೇಯಿಸಿದ ಹಲಸಿನ ಬೀಜ. ಸಿಪ್ಪೆ ಸಮೇತ ಬೇಯಿಸಿದಾಗ ಮಾತ್ರ ಬರುವ ಆ ಮಣ್ಣಿನಂಥ ಪರಿಮಳ ಮೇಜಿನ ತುಂಬ ಹರಡಿತು. "ತಗೊಳ್ಳಿ, ಊರಿಂದ ಬಂದದ್ದು" ಎಂದು ನನ್ನ ಕಡೆ ಡಬ್ಬಿ ದೂಡಿದರು. ನಾನು ಒಂದು ಬೀಜ ತೆಗೆದುಕೊಂಡೆ. ಉಗುರಿನಿಂದ ಸಿಪ್ಪೆ ಬಿಡಿಸಲು ಹೊರಟವಳು ಅದನ್ನು ಹಾಗೆಯೇ ಮೇಜಿನ ಮೇಲಿಟ್ಟೆ. ಅವರಿಗೆ ಏನೋ ಸಬೂಬು ಹೇಳಿ ಎದ್ದು ಕೈ ತೊಳೆಯಲು ಹೋದೆ.

ಪರ್ಕಳದ ಆ ಮನೆಯ ಕೆಳಗಿನ ಅಡುಗೆಮನೆಯಲ್ಲಿ, ಒಂದು ಮೋಟು ಮಣೆಯ ಮೇಲೆ ಕೂತು ನನ್ನ ಮಗಳು ಇದೇ ಬೀಜಗಳ ಸಿಪ್ಪೆ ಬಿಡಿಸುತ್ತಿದ್ದಳು. ಎದುರಿಗೆ ಬಾಯಮ್ಮ ಕೂತಿರುತ್ತಿದ್ದರು...

ಏಳೆಂಟು ವರ್ಷದ ಹಿಂದಿನ ಮಾತು. ನನಗೆ ಮಣಿಪಾಲದ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಗಂಡ ಮಸ್ಕತ್‌ನಲ್ಲಿ. ಬೆಳ್ಮಣ್ಣಿನ ತಾಯಿಮನೆಯಿಂದ ದಿನಾ ಬಂದು ಹೋಗುವುದು ಕಷ್ಟವಾಗಿ, ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಪರ್ಕಳದಲ್ಲಿ ಒಂದು ಮನೆಯ ಮಹಡಿಗೆ ಬಾಡಿಗೆಗೆ ಬಂದೆ. ಕೆಳಗೆ ಮನೆಯ ಯಜಮಾನಿ. ಅರವತ್ತು ದಾಟಿದ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸುತ್ತಮುತ್ತಲಿನವರೆಲ್ಲ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಮಗುವನ್ನು ಹಗಲು ಎಲ್ಲಿ ಬಿಡುವುದೆಂದು ನಾನು ಒದ್ದಾಡುತ್ತಿದ್ದಾಗ ಅವರೇ ಹೇಳಿದರು: "ಇಲ್ಲಿ ಇರ್ಲಿ. ನನಗೂ ಎಂತ ಕೆಲಸ ಉಂಟು?"

ಆಗ ನನ್ನ ಮಗಳು ಮೊಬೈಲ್ ಇಲ್ಲದೆ ಒಂದು ತುತ್ತು ಕೂಡ ನುಂಗುತ್ತಿರಲಿಲ್ಲ. ಪರದೆಯ ಮೇಲೆ ಹಾಡುವ ಬಾತುಕೋಳಿ ಕಂಡರೆ ಬಾಯಿ ತೆರೆಯುತ್ತಿದ್ದಳು, ನಿಲ್ಲಿಸಿದರೆ ಮುಚ್ಚುತ್ತಿದ್ದಳು. ತಟ್ಟೆಯಲ್ಲಿ ಅನ್ನವಿದೆಯೋ ಉಪ್ಪಿಟ್ಟಿದೆಯೋ ಅವಳಿಗೆ ಗೊತ್ತಿರಲಿಲ್ಲ. ಮೊದಲ ದಿನ ಕೆಲಸಕ್ಕೆ ಹೊರಡುವಾಗ ನಾನು ನನ್ನ ಹಳೆಯ ಮೊಬೈಲನ್ನು ಚಾರ್ಜರ್ ಸಮೇತ ಬಾಯಮ್ಮನ ಕೈಗೆ ಕೊಟ್ಟು, ಯಾವುದನ್ನು ಒತ್ತಿದರೆ ಹಾಡು ಬರುತ್ತದೆಂದು ತೋರಿಸಿದೆ. ಅವರು ಗಮನವಿಟ್ಟು ನೋಡಿದರು. ಆಮೇಲೆ ಅದನ್ನು ಮರಳಿ ನನ್ನ ಬ್ಯಾಗಿನೊಳಗೆ ಹಾಕಿದರು.

ಮಧ್ಯಾಹ್ನ ಒಂದು ಗಂಟೆಗೆ ಫೋನ್ ಮಾಡಿದೆ. ಹಿಂದಿನಿಂದ ಮಗಳು ಕಿರುಚುವುದು ಕೇಳುತ್ತಿತ್ತು.

"ನಾನು ಬರ್ಲಾ ಬಾಯಮ್ಮ?"

"ಎಂತಕ್ಕೆ? ಅಳ್ತಾ ಇದ್ದಾಳೆ, ಅಷ್ಟೇ. ನಾನು ಊಟ ಮಾಡ್ತಾ ಇದ್ದೇನೆ."

ಅವರು ನಿಜವಾಗಿಯೂ ಅದನ್ನೇ ಮಾಡುತ್ತಿದ್ದರಂತೆ. ಮಗುವಿನ ಎದುರು ಒಂದು ಸಣ್ಣ ತಟ್ಟೆಯಲ್ಲಿ ಗಂಜಿ, ನಾಲ್ಕು ಬೇಯಿಸಿದ ಹಲಸಿನ ಬೀಜ ಇಟ್ಟು, ತಾವು ತಮ್ಮ ಪಾಡಿಗೆ ನಿಧಾನವಾಗಿ ಉಣ್ಣುತ್ತಿದ್ದರು. ಗದರಲಿಲ್ಲ, ಪುಸಲಾಯಿಸಲಿಲ್ಲ. ನಾಲ್ಕು ಗಂಟೆಗೆ ಮಗಳು ಒಂದು ಬೀಜ ಎತ್ತಿಕೊಂಡು ಅದರ ಸಿಪ್ಪೆ ಕೀಳಲು ಶುರುಮಾಡಿದಳಂತೆ. ಅರ್ಧ ತಿಂದಳು. ಅರ್ಧವನ್ನು ಬೆಕ್ಕಿಗೆ ಕೊಟ್ಟಳು. ಎರಡನೆಯ ದಿನವೂ ಅತ್ತಳು. ಮೂರನೆಯ ವಾರದ ಹೊತ್ತಿಗೆ ತಾನೇ ಮಣೆ ಎಳೆದುಕೊಂಡು ಕೂತು, ತಾನೇ ಉಂಡು, ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿಯಲು ಕಲಿತಿದ್ದಳು. ಬಾಯಮ್ಮ ಅವಳ ಎತ್ತರಕ್ಕೆ ಸರಿಯಾಗಿ ಒಂದು ಹಿಡಿಸೂಡಿಯನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟಿದ್ದರು. ಇಬ್ಬರೂ ಸೇರಿ ಅಂಗಳ ಗುಡಿಸುತ್ತಿದ್ದರು. ಮಗಳು ಗುಡಿಸಿದ ಜಾಗವನ್ನು ಬಾಯಮ್ಮ ಮತ್ತೊಮ್ಮೆ ಗುಡಿಸಿದ್ದನ್ನು ನಾನು ಎಂದೂ ನೋಡಿಲ್ಲ. ಎಲೆ ಉಳಿದಿದ್ದರೆ ಉಳಿದಿರುತ್ತಿತ್ತು.

ಅವರ ಹಜಾರದ ಗೋಡೆಯಲ್ಲಿ ಒಂದು ದೊಡ್ಡ ಫೋಟೋ ಇತ್ತು. ಇಬ್ಬರು ಅರಬ್ಬಿ ಮಕ್ಕಳು, ಒಂದು ಹುಡುಗಿ, ಒಂದು ಹುಡುಗ, ಸೋಫಾದ ಮೇಲೆ ನೇರವಾಗಿ ಕೂತಿದ್ದರು. ಬಾಯಮ್ಮ ಕುವೈತಿನಲ್ಲಿ ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಕೆಲಸಕ್ಕಿದ್ದು ಸಾಕಿದ ಮಕ್ಕಳು ಅವರು. ಹುಡುಗಿ ಆಗಲೇ ಡಾಕ್ಟರಾಗಿದ್ದಳಂತೆ. ಕ್ರಿಸ್‌ಮಸ್‌ಗೆ ಮರೆಯದೆ ಫೋನ್ ಮಾಡುತ್ತಿದ್ದಳು. "ಚಪ್ಪಲಿ ಹೇಗೆ ಇಡ್ಬೇಕು, ದೊಡ್ಡವರು ಮಾತಾಡುವಾಗ ಹೇಗೆ ಕಾಯ್ಬೇಕು, ಎಲ್ಲ ಈ ಕೈಯಲ್ಲಿ ಕಲಿತದ್ದು" ಎಂದು ಬಾಯಮ್ಮ ಒಮ್ಮೆ ತಮ್ಮ ಕೈ ತೋರಿಸಿ ಹೇಳಿದ್ದರು.

ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಫೋಟೋ. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆದ ದಿನ ಬಿಳಿ ಅಂಗಿ ತೊಟ್ಟು ಮೇಣದ ಬತ್ತಿ ಹಿಡಿದ ಎಂಟು ಹತ್ತು ವರ್ಷದ ಹುಡುಗ. ಅವರ ಒಬ್ಬನೇ ಮಗ. ನಾಲ್ಕು ವರ್ಷದವನಿದ್ದಾಗ ಕಾರ್ಕಳದ ಹತ್ತಿರ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟು ಕುವೈತಿಗೆ ಹೋಗಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅವನು ದೊಡ್ಡಮ್ಮನ ಸೀರೆಯ ಹಿಂದೆ ಅಡಗುತ್ತಿದ್ದನಂತೆ. ಆ ಫೋಟೋ ತೆಗೆದ ದಿನ ಅವರು ಊರಿನಲ್ಲಿರಲಿಲ್ಲ.

ಆ ಮಗ ಆಗ ನಲವತ್ತರ ಆಸುಪಾಸಿನವನು, ತಾಯಿಯ ಜೊತೆಯಲ್ಲೇ ಇದ್ದ. ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸ. ಕೆಲಸಕ್ಕೆ ಹೋದಷ್ಟೇ ದಿನ ಕುಡಿದು ಮಲಗುತ್ತಿದ್ದ. ಗಲಾಟೆಯ ಮನುಷ್ಯನಲ್ಲ. ಕುಡಿದಾಗ ಇನ್ನಷ್ಟು ಮೆತ್ತಗಾಗುತ್ತಿದ್ದ, ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಬಾಯಮ್ಮ ಅವನ ವಿಷಯ ಎತ್ತುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಬಾಯಮ್ಮ ನನ್ನಿಂದ ಒಂದೇ ಒಂದು ಕೇಳಿಕೊಂಡಿದ್ದರು. ಮನೆಗೆ ಹೋದ ಮೇಲೆ ಮಗುವಿನ ಕೈಗೆ ಮೊಬೈಲ್ ಕೊಡಬಾರದು. "ಅಪ್ಪನ ಹತ್ತಿರ ಮಾತಾಡ್ಲಿ, ಅದು ಬೇರೆ. ಅಪ್ಪನ ಮುಖ ನೋಡ್ಬೇಕು ಮಗು. ಆಟಕ್ಕೆ ಕೊಡ್ಬೇಡಿ. ಇಲ್ಲಿ ಕಟ್ಟಿದ್ದನ್ನು ಅಲ್ಲಿ ಬಿಚ್ಚಿದ ಹಾಗೆ ಆಗ್ತದೆ." ನಾನು ಆಗಲಿ ಎಂದೆ. ಒಂದು ತಿಂಗಳು ನಡೆಸಿದೆನೋ ಏನೋ... ಸಂಜೆ ಬಂದು ಅಡುಗೆ, ಬಟ್ಟೆ, ಮರುದಿನದ ತಯಾರಿ. ಕಾಲಿಗೆ ತೊಡರುವ ಮಗು. ಒಂದು ದಿನ ಕೊಟ್ಟೆ. ಮನೆ ಒಮ್ಮೆಲೇ ತಣ್ಣಗಾಯಿತು. ಆ ಸದ್ದಿಲ್ಲದ ಅರ್ಧ ಗಂಟೆಯ ರುಚಿ ಹತ್ತಿದ್ದು ಮಗಳಿಗಿಂತ ಹೆಚ್ಚು ನನಗೆ. ಆಮೇಲೆ ದಿನಾ ಕೊಟ್ಟೆ. ಕೊಡುವಾಗ ಅವಳ ಕಿವಿಯಲ್ಲಿ, ನಗುತ್ತಲೇ, ಒಂದು ಮಾತು ಹೇಳುತ್ತಿದ್ದೆ: "ಬಾಯಮ್ಮನಿಗೆ ಹೇಳಬಾರದು, ಆಯ್ತಾ?"

ಅವಳಿಗೂ ಅದು ಆಟದಂತೆ ಕಂಡಿರಬೇಕು. ಬಾಯಿಗೆ ಬೆರಳಿಟ್ಟು ತಲೆಯಾಡಿಸುತ್ತಿದ್ದಳು.

ಒಂದು ಸಂಜೆ ಮಣಿಪಾಲದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಇಳಿದಿದ್ದೆ. ಆಫೀಸಿನಲ್ಲಿ ಒಂದು ಫೈಲು ಅದಲು ಬದಲಾಗಿ ಎಲ್ಲರೆದುರು ಬೈಸಿಕೊಂಡಿದ್ದೆ. ತಲೆ ಸಿಡಿಯುತ್ತಿತ್ತು. ಬಾಯಮ್ಮ ಜಗುಲಿಯಲ್ಲಿ ಕಾಯುತ್ತಿದ್ದರು. ಮಗಳು ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡುತ್ತಿದ್ದಳು.

"ಒಂದು ನಿಮಿಷ ಕೂತ್ಕೊಳ್ಳಿ" ಎಂದರು. ನಾನು ನಿಂತೇ ಇದ್ದೆ.

"ಇವತ್ತು ನನ್ನ ಮಗನ ಮೊಬೈಲ್ ತೆಗೆದು ಅವಳೇ ಎಂತೆಂತದೋ ಒತ್ತಿ ಹಾಡು ಹಾಕಿದಳು. ಮನೆಯಲ್ಲಿ ನೋಡ್ತೀಯಾ ಅಂತ ಕೇಳಿದೆ. ಇಲ್ಲ ಅಂದಳು. ನನ್ನ ಮುಖ ನೋಡ್ಲಿಲ್ಲ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅವಳೇ ಬಂದು ಹೇಳಿದಳು, ಬಾಯಮ್ಮನಿಗೆ ಹೇಳಬಾರದು ಅಂತ ಅಮ್ಮ ಹೇಳಿದ್ದಾರೆ ಅಂತ."

ನಾನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

"ಮೊಬೈಲ್ ಕೊಟ್ಟದ್ದು ಹೋಗ್ಲಿ. ಅದನ್ನು ಮತ್ತೆ ಬಿಡಿಸಬಹುದು. ಸುಳ್ಳು ಹೇಳ್ಲಿಕ್ಕೆ ಎಂತಕ್ಕೆ ಕಲಿಸಿದ್ರಿ ನೀವು? ನಾಲ್ಕು ವರ್ಷ ಆಗ್ಲಿಲ್ಲ ಅವಳಿಗೆ."

ಅವರ ಧ್ವನಿ ಏರಿರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದರಿಂದಲೇ ನನಗೆ ಅಷ್ಟು ಸಿಟ್ಟು ಬಂದದ್ದು. ಎದುರಿಗಿದ್ದವರಿಗೆ ಎಲ್ಲಿ ಹೊಡೆದರೆ ನೋವಾಗುತ್ತದೆಂದು ಆ ಗಳಿಗೆಯಲ್ಲಿ ನನಗೆ ಸ್ಪಷ್ಟವಾಗಿ ಹೊಳೆಯಿತು. ಹೊಡೆದೆ.

"ನನ್ನ ಮಗಳ ವಿಷಯ ಇರ್ಲಿ ಬಾಯಮ್ಮ. ನಿಮ್ಮ ಮಗನಿಗೆ ನೀವು ಎಂತ ಕಲಿಸಿದ್ರಿ?"

ಅಂಗಳದಲ್ಲಿ ಮಗಳು ನಗುತ್ತಿದ್ದಳು. ಬಾಯಮ್ಮ ನನ್ನನ್ನು ನೋಡಿದರು. ಕೋಪ ಇರಲಿಲ್ಲ. ಬಹಳ ದಿನದಿಂದ ಯಾರಾದರೂ ಕೇಳಿಯಾರು ಎಂದು ಕಾಯುತ್ತಿದ್ದವರ ಹಾಗೆ, ನಿಧಾನವಾಗಿ ಹೇಳಿದರು.

"ನಾನು ಎಂತದೂ ಕಲಿಸ್ಲಿಲ್ಲ. ನಾನು ಇರ್ಲೇ ಇಲ್ಲ ಅಲ್ವಾ."

ಮಗಳನ್ನು ಎತ್ತಿಕೊಂಡು ನಾನು ಮೆಟ್ಟಿಲು ಹತ್ತಿದೆ.

ಮರುದಿನ ಬೆಳಿಗ್ಗೆ ಬಾಯಮ್ಮ ಎಂದಿನಂತೆ ಬಾಗಿಲಲ್ಲಿ ನಿಂತು ಮಗುವಿಗಾಗಿ ಕೈ ಚಾಚಿದರು. ನಾನು ಅವರ ಮುಖ ನೋಡದೆ ಮಗಳನ್ನು ಎತ್ತಿಕೊಂಡು ರಿಕ್ಷಾ ಹತ್ತಿದೆ. ಮಣಿಪಾಲದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಂದು ಜಾಗವನ್ನು ಫೋನಿನಲ್ಲೇ ಗೊತ್ತು ಮಾಡಿದ್ದೆ. ನನ್ನ ಹೆಗಲ ಮೇಲಿಂದ ಮಗಳು ಎರಡೂ ಕೈ ಹಿಂದಕ್ಕೆ ಚಾಚಿ ಕೂಗುತ್ತಿದ್ದಳು. ಆ ಹೊಸ ಜಾಗದಲ್ಲಿ ದಿನವಿಡೀ ಟಿವಿ ಓಡುತ್ತಿತ್ತು. ಯಾರೂ ನನಗೆ ಏನೂ ಹೇಳುತ್ತಿರಲಿಲ್ಲ. ತಿಂಗಳೊಳಗೆ ಉಡುಪಿಯಲ್ಲಿ ಬೇರೆ ಮನೆ ಹಿಡಿದೆ. ಸಾಮಾನು ಸಾಗಿಸುವ ದಿನ ಬಾಯಮ್ಮ ಒಂದು ಚೀಲ ತಂದು ಮೆಟ್ಟಿಲಿನ ಮೇಲಿಟ್ಟು ಹೋದರು. ಒಗೆದು ಇಸ್ತ್ರಿ ಹಾಕಿದ ಎರಡು ಫ್ರಾಕು, ಆ ಸಣ್ಣ ತಟ್ಟೆ, ಅರ್ಧ ಹಿಡಿಸೂಡಿ. ಫ್ರಾಕುಗಳನ್ನು ತೆಗೆದುಕೊಂಡೆ. ಉಳಿದದ್ದನ್ನು ಅಲ್ಲಿಯೇ ಬಿಟ್ಟೆ. ಅವರು ಅದನ್ನು ನೋಡಿಯೇ ಇರುತ್ತಾರೆ...

ಮಗಳಿಗೆ ಈಗ ಹನ್ನೊಂದು. ಈ ವರ್ಷದ ಮೊದಲಿಗೆ ಅವಳ ಕ್ಲಾಸ್ ಟೀಚರ್ ನನ್ನನ್ನು ಶಾಲೆಗೆ ಕರೆಸಿದರು. ಎರಡು ತಿಂಗಳಿಂದ ಅವಳ ನೋಟ್ಸು ಪೂರ್ತಿಯಾಗಿರಲಿಲ್ಲ. ಅವರು ಕಳಿಸಿದ ಮೆಸೇಜುಗಳನ್ನು ನಾನು ಒಂದೂ ನೋಡಿರಲಿಲ್ಲ. ನೋಡಿಲ್ಲ ಎಂದಾಗ ಟೀಚರ್ ತಮ್ಮ ಫೋನ್ ತೆರೆದು ನನ್ನ ಉತ್ತರಗಳನ್ನೇ ತೋರಿಸಿದರು. "ಮಗಳಿಗೆ ಹುಷಾರಿಲ್ಲ, ದಯವಿಟ್ಟು ಸಮಯ ಕೊಡಿ." ನನ್ನ ನಂಬರು, ನನ್ನ ಮಾತಿನ ಧಾಟಿ. ಕೊನೆಗೆ ಎರಡು ಕೈಮುಗಿಯುವ ಚಿತ್ರ, ನಾನು ಹಾಕುವ ಹಾಗೆಯೇ. ಮಗಳೇ ಬರೆದು ಕಳಿಸಿ ನನ್ನ ಫೋನಿನಿಂದ ಅಳಿಸಿಬಿಟ್ಟಿದ್ದಳು.

ಮನೆಗೆ ಬಂದು ಕೂರಿಸಿ ಕೇಳಿದೆ. ಅಳಲಿಲ್ಲ. ತಬ್ಬಿಬ್ಬಾಗಲೂ ಇಲ್ಲ. "ನೀನೂ ಆಫೀಸಿಗೆ ಹಾಗೇ ಹೇಳ್ತೀಯಲ್ಲ, ಹುಷಾರಿಲ್ಲ ಅಂತ" ಎಂದಳು. ಹೊಡೆಯಲು ಎತ್ತಿದ ಕೈ ಹಾಗೆಯೇ ಇಳಿಯಿತು.

ಆ ಭಾನುವಾರ ಮಗಳನ್ನು ಕರೆದುಕೊಂಡು ಪರ್ಕಳಕ್ಕೆ ಹೋದೆ. ಹೋಗಿ ಏನು ಹೇಳಬೇಕೆಂದು ಬಸ್ಸಿನಲ್ಲಿ ಮನಸ್ಸಿನೊಳಗೇ ಹತ್ತು ಸಲ ಜೋಡಿಸಿಕೊಂಡೆ. ಮನೆ ಹಾಗೆಯೇ ಇತ್ತು. ಅಂಗಳದಲ್ಲಿ ಎಲೆ ತುಂಬಿತ್ತು. ಬಾಯಮ್ಮನ ಮಗ ಜಗುಲಿಯಲ್ಲಿ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹತ್ತಿರ ಹೋದಾಗ ಬೆಳಗಿನ ಹನ್ನೊಂದಕ್ಕೇ ಕುಡಿದ ವಾಸನೆ ಬಂತು.

"ಅಮ್ಮ ತೀರಿಕೊಂಡು ಒಂದೂವರೆ ವರ್ಷ ಆಯ್ತಲ್ಲ ಅಕ್ಕ" ಎಂದ. "ನಿಮ್ಮ ನಂಬರ್ ಇರ್ಲಿಲ್ಲ ನಮ್ಮ ಹತ್ತಿರ."

ನಂಬರು ಬದಲಿಸಿದವಳು ನಾನೇ. ಕುರ್ಚಿಯ ತುದಿಯಲ್ಲಿ ಕೂತೆ. ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳು ಎಲ್ಲಿಯೋ ಹೋದವು. ಕೊನೆಗೆ, ಆ ದಿನ ನಾನು ಅವರಿಗೆ ಒಂದು ಕೆಟ್ಟ ಮಾತು ಆಡಿದ್ದೆ ಎಂದು ಅವನಿಗೆ ಹೇಳಿದೆ.

"ಗೊತ್ತುಂಟು. ನಾನು ಒಳಗೆ ಇದ್ದೆ ಅವತ್ತು. ಕುಡಿದಿರ್ಲಿಲ್ಲ." ಅಂಗಳದ ಕಡೆ ನೋಡುತ್ತ ಹೇಳಿದ. "ನೀವು ಹೇಳಿದ್ದು ಬಿಡಿ. ಅಮ್ಮ ಹೇಳಿದ್ರಲ್ಲ, ನಾನು ಇರ್ಲೇ ಇಲ್ಲ ಅಂತ. ಅದನ್ನು ನನ್ನ ಹತ್ತಿರ ಅವರು ಯಾವತ್ತೂ ಹೇಳಿರ್ಲಿಲ್ಲ. ಅದನ್ನು ಕೇಳಿದ ಮೇಲೆ ಅವರ ಮೇಲಿದ್ದ ಸಿಟ್ಟು ಹೋಯ್ತು ನನಗೆ. ಕುಡಿಯೋದು ಹೋಗ್ಲಿಲ್ಲ."

"ಸಿಟ್ಟು ಹೋದದ್ದು ಅವರಿಗೆ ಹೇಳಿದ್ರಾ?"

ಅವನು ತಲೆ ಅಲ್ಲಾಡಿಸಿದ. "ಹೇಳ್ಬೇಕಿತ್ತು" ಎಂದ. ಹೊರಡುವಾಗ ನನ್ನ ಮಗಳನ್ನು ನೋಡಿ, "ಇಷ್ಟು ದೊಡ್ಡ ಆದ್ಳಾ" ಎಂದು ನಕ್ಕ. ಅವಳು ನನ್ನ ಬೆನ್ನ ಹಿಂದೆ ಸರಿದಳು.

ಬಸ್ ಸ್ಟಾಪಿನಲ್ಲಿ ಮಗಳು ಕೇಳಿದಳು, "ಬಾಯಮ್ಮ ಅಂದ್ರೆ ಯಾರು?" ನಾನು ಹೇಳಿದೆ. ಮಣೆ, ಬೆಕ್ಕು, ಅಂಗಳ, ಎಲ್ಲವನ್ನೂ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಯೋಚಿಸಿದಳು. "ನಂಗೆ ಎಂತದೂ ನೆನಪಿಲ್ಲ" ಎಂದಳು.

ಅದು ಮಾತ್ರ ಸುಳ್ಳಲ್ಲ ಎಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಈಗ ಸಂಜೆ. ಪಕ್ಕದ ಕೋಣೆಯ ಬಾಗಿಲು ಮುಚ್ಚಿದೆ. ಓದುತ್ತಿದ್ದೇನೆ ಎಂದಿದ್ದಾಳೆ. ಓದುತ್ತಿರಲೂಬಹುದು. ಎದ್ದು ಹೋಗಿ ಬಾಗಿಲು ತೆರೆದರೆ ಅವಳನ್ನು ನಂಬಲಿಲ್ಲ ಎಂದಾಗುತ್ತದೆ. ತೆರೆಯದಿದ್ದರೆ... ಏನು ಮಾಡಬೇಕೆಂದು ನನಗೆ ನಿಜವಾಗಿಯೂ ತಿಳಿಯುವುದಿಲ್ಲ. ಇಂಥದ್ದನ್ನು ಕೇಳಲು ಒಂದು ಕಾಲಕ್ಕೆ ಹದಿನೈದು ಮೆಟ್ಟಿಲು ಇಳಿದರೆ ಸಾಕಿತ್ತು. ಅವರು ಇದ್ದಷ್ಟು ದಿನ ನಾನು ಇಳಿದು ಕೇಳಲಿಲ್ಲ.