ಕಾಶಿಗೆ ಹೋದರೂ ಹೋಗದ ಲಾಲಮ್ಮ

ವಾಡಿಯ ಹೊರಗೆ, ಸಿಮೆಂಟ್ ಲಾರಿಗಳು ಸಾಲುಗಟ್ಟುವ ರಸ್ತೆಯ ಬದಿಗೆ, ಬೇವಿನ ಮರದ ಕೆಳಗೆ ಯಾತ್ರೆ ಬಸ್ಸು ನಿಂತಿದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಗೆ ಯಾತ್ರಿಕರು ಒಬ್ಬರ ಹೆಗಲಿಗೊಬ್ಬರು ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದಾರೆ. ಹೊರಗೆ ಲಾಲಮ್ಮ ಫರಸಿ ಕಲ್ಲಿನ ಮೇಲೆ ಟಪಟಪ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಕಲ್ಲು ಅವರ ತವರು ಶಹಾಬಾದಿನದು. ಬಸ್ಸಿನ ಡಿಕ್ಕಿಯಲ್ಲಿ ಕೂತು ರಾಮೇಶ್ವರ, ದ್ವಾರಕೆ, ಕಾಶಿ ಎಲ್ಲಾ ಸುತ್ತಿದೆ.

"ನನಗೇನು ಕೇಳ್ತೀರಿ, ಈ ಕಲ್ಲಿಗಿ ಕೇಳ್ರಿ. ನಾನೂ ಇದೂ ಒಂದೇ. ಎಲ್ಲಾ ಕಡೆ ಹೋಗೀವಿ, ಏನೂ ನೋಡಿಲ್ಲ," ಎಂದು ನಗುತ್ತಾರೆ.

ಬಸ್ಸು ಕಾಶಿಯಿಂದ ವಾಪಸಾಗುತ್ತಿದೆ. ಇನ್ನು ಚಿತ್ತಾಪುರ ದಾಟಿದರೆ ಸೇಡಂ. ಅಲ್ಲಿ ನೆಂಟರಿಷ್ಟರು ಹೂಮಾಲೆ ಹಿಡಿದು ಕಾಯುತ್ತಿರುತ್ತಾರೆ. ಕಾಶಿಗೆ ಹೋಗಿ ಬಂದವರ ಪಾದ ತೊಳೆದು ಕಾಲಿಗೆ ಬೀಳುವುದು ಈ ಕಡೆಯ ರೂಢಿ. ಹೋಗಲಾಗದವರಿಗೆ ಆ ಕಾಲು ಮುಟ್ಟಿದರೂ ಪುಣ್ಯವಂತೆ. ದೊಡ್ಡವರು ಚಿಕ್ಕವರು ಎಂಬ ಭೇದವೂ ಆವತ್ತಿಗಿಲ್ಲ. ಲಾಲಮ್ಮನ ತಲೆ ಕೆಡಿಸಿರುವುದು ಇದೇ ನೋಡಿ.

ಅವರು ಆಡಕಿಯ ಸೊಸೆ. ಗಂಡ ತೀರಿಕೊಂಡ ಮೇಲೆ ಲಗ್ನದ ಮನೆಗಳಲ್ಲಿ ರೊಟ್ಟಿ ಬಡಿದು ಹೊಟ್ಟೆ ಹೊರೆದರು. ಅಲ್ಲೊಮ್ಮೆ ಉಂಡ ಸೇಡಂನ ಅಮರನಾಥ ತಮ್ಮ ಯಾತ್ರೆ ಬಸ್ಸಿಗೆ ಅಡಿಗೆಗೆ ಕರೆದರು. ಅಂದಿನಿಂದ ನಲವತ್ತು ಮಂದಿಗೆ ಎರಡು ಹೊತ್ತಿನ ಊಟ, ಊರು ಯಾವುದಾದರೇನು! ಕಾಶಿಗೇ ಇದು ನಾಲ್ಕನೇ ಸಲ. ಹಿಂದಿನ ಮೂರು ಸಲವೂ ಎಲ್ಲರೂ ಗುಡಿಗೆ, ಲಾಲಮ್ಮ ಧರ್ಮಶಾಲೆಯ ಹಿತ್ತಲಿಗೆ.

"ದರ್ಶನ ಮಾಡ್ಕೊಂಡು ಹಸಿದು ಬರ್ತಾರ್ರಿ. ಅಷ್ಟರಾಗ ರೊಟ್ಟಿ, ಬ್ಯಾಳಿ ತಯಾರ ಇರಬೇಕು. ಇಲ್ಲಂದ್ರ ಪುಣ್ಯ ಎಲ್ಲಾ ಬೈಗುಳದಾಗ ಹೋಗ್ತದ."

ಆಡಕಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಶಿವಕಾಂತಮ್ಮನದು. ವಯಸ್ಸಿನಲ್ಲಿ ಹಿರಿಯರು, ಮೊಣಕಾಲು ಸೋತಿವೆ, ಕಾಶಿ ಅವರ ಪಾಲಿಗೆ ಕನಸೇ. ಲಾಲಮ್ಮ ಕಾಶಿಯಿಂದ ಬಂದಾಗಲೆಲ್ಲ ಪಾದ ತೊಳೆಯಲು ತಂಬಿಗೆ ನೀರು ಹಿಡಿದು ಬಾಗಿಲಲ್ಲಿ ಕೂರುತ್ತಿದ್ದರು. ಲಾಲಮ್ಮ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು: "ದೇವರ ಮಾರಿ ನೋಡದಾಕಿ ಕಾಲು ಮುಟ್ಟಿದ್ರ ನಿನಗೇನು ಬರ್ತದಕ್ಕಾ? ಸುಳ್ಳಿನ ಪುಣ್ಯ ಬ್ಯಾಡ." ಕಳೆದ ಸಲ ಶಿವಕಾಂತಮ್ಮನಿಗೆ ತಡೆಯಲಾಗಲಿಲ್ಲ. "ಊರೂರು ತಿರುಗಿ ನಿನಗ ಸೊಕ್ಕು ಬಂದದ," ಎಂದು ತಂಬಿಗೆ ಎತ್ತಿಕೊಂಡು ಒಳಗೆ ಹೋದವರು ಮಾತೇ ಬಿಟ್ಟರು. ಈ ಸಲ ಹೊರಡುವಾಗ ಲಾಲಮ್ಮ ಮುಚ್ಚಿದ ಬಾಗಿಲಿಗೇ ಕೂಗಿ ಹೇಳಿ ಬಂದಿದ್ದರು: "ನೋಡೇ ಬರ್ತೀನಿ!"

ಹಾಗಾದರೆ ಇಷ್ಟು ವರ್ಷ ಕಾಶಿಯಲ್ಲಿ ಇವರು ನೋಡಿದ್ದಾದರೂ ಏನು? ಹಿತ್ತಲಿನ ನಲ್ಲಿ. ಅಲ್ಲಿ ಪಾತ್ರೆ ತಿಕ್ಕುವ ಫೂಲಮತಿ. ಮಾತಿಗೆ ತೊಂದರೆ ಇಲ್ಲ. ಶಹಾಬಾದಿನ ಓಣಿಯ ಗೆಳತಿ ತಾಜುನ್ನಿಸಾಳಿಂದ ಕಲಿತ ದಖನಿ ಉರ್ದು ಇದೆಯಲ್ಲ!

"ನಾ ರೊಟ್ಟಿ ಬಡಿಯೋದು ನೋಡಿ ಆಕಿ ಬಿದ್ದು ಬಿದ್ದು ನಕ್ಕಳು. ಅಲ್ಲಿ ಎಲ್ಲಾ ಲಟ್ಟಣಿಗಿನೇ. ಕೆಂಡದಾಗ ಹಿಟ್ಟಿನ ಉಂಡಿ ಸುಡೋದು ಆಕಿ ಕಲಿಸಿದಳು, ಶೇಂಗಾ ಹಿಂಡಿ ನಾ ಕಲಿಸಿದೆ. ನನ್ನ ಕೆಂಪು ಸೀರಿ ನೋಡಿ, ಗಂಡ ಇಲ್ಲದಾಕಿ ಇದು ಉಡ್ತಿಯಾ ಅಂತ ಆಕಿಗಿ ಗಾಬರಿ. ಮಾವ ಎದುರಿಗಿ ಇಲ್ಲದಾಗೂ ಆಕಿ ಮಾರಿ ಮ್ಯಾಲ ಸೆರಗು ಯಾಕ ಅಂತ ನನಗ ಗಾಬರಿ. ಯಾರದು ಬರೋಬ್ಬರಿ? ಇಬ್ಬರಿಗೂ ತಿಳೀಲಿಲ್ಲ."

ದರ್ಶನ ಮಾಡಿಸುತ್ತೇನೆಂದು ಪ್ರತಿ ಸಲ ಹೇಳುತ್ತಿದ್ದ ಅಮರನಾಥ ಈ ಸಲ ಮಾತು ಉಳಿಸಿಕೊಂಡರು. ಒಂದು ಹೊತ್ತಿನ ಊಟ ಹೊರಗೆ ಗೊತ್ತುಮಾಡಿ, "ಇವತ್ತು ಒಲಿ ಹಚ್ಚಬ್ಯಾಡ್ರಿ, ನಡೀರಿ," ಎಂದರು. ಲಾಲಮ್ಮ ಮಡಿಸೀರೆ ಉಟ್ಟು ಸಾಲಿನಲ್ಲಿ ನಿಂತರು. ನಿಂತೇ ನಿಂತರು.

"ಹಿಂದಿನವರು ನೂಕಿದ್ರು. ಒಂದು ರಾಶಿ ಹೂವು ಕಂಡಂಗಾಯ್ತು. ಕೈ ಮುಗೀಬೇಕಂದ್ರ ಹೊರಗ ಬಂದಿದ್ದೆ! ಎಲ್ಲಾರೂ ಕಣ್ಣೀರು ಒರೆಸ್ಕೊಳ್ಳಿಕತ್ತಾರ, ನನಗ ಒಂದು ಹನಿ ಬರವಲ್ದು. ಇಷ್ಟೇ ಏನಪಾ ಕಾಶಿ ಅಂತ ಕೂತೆ."

ಧರ್ಮಶಾಲೆಗೆ ಮರಳಿದರೆ ನಲ್ಲಿಯ ಬಳಿ ಫೂಲಮತಿ. ಹಿತ್ತಲಲ್ಲಿ ಒಲೆ ಉರಿಯುವುದು ಕಾಣದೆ, ದಖ್ಖನಿನ ಗೆಳತಿಗೆ ಏನೋ ಆಯಿತೆಂದು ಹೆದರಿ, ಉಣ್ಣದೆ ಕಾದು ಕುಳಿತಿದ್ದಳು. ಕಂಡವಳೇ ಬಿಗಿಯಾಗಿ ಅಪ್ಪಿಕೊಂಡು ಅತ್ತಳು.

"ದೇವರ ಮುಂದ ಬರದ ನೀರು ಅಲ್ಲಿ ಬಂತ್ರಿ. ಇದು ಪಾಪ ಹೌದೋ ಅಲ್ಲೋ?" ಲಾಲಮ್ಮ ರೊಟ್ಟಿ ತಿರುವುವುದನ್ನು ನಿಲ್ಲಿಸಿ ಕೇಳುತ್ತಾರೆ.

ಮಧ್ಯಾಹ್ನ ಸೇಡಂನಲ್ಲಿ ಮಾಲೆ, ಜೈಕಾರ, ಅಪ್ಪುಗೆ. ಲಾಲಮ್ಮ ಪಾತ್ರೆ ಇಳಿಸಿಕೊಟ್ಟು ಆಡಕಿಯ ಟಂಟಂ ಆಟೋ ಹತ್ತುತ್ತಾರೆ. ದಾರಿಯುದ್ದಕ್ಕೂ ಒಂದೇ ಗೊಣಗಾಟ: ನೋಡಿದೆ ಅನ್ನಲೋ, ನೋಡಿಲ್ಲ ಅನ್ನಲೋ?

ಶಿವಕಾಂತಮ್ಮ ಬಾಗಿಲಲ್ಲೇ ಇದ್ದಾರೆ, ತಂಬಿಗೆಯ ಸಮೇತ. ವರ್ಷದ ಮೇಲೆ ಆಡುವ ಮೊದಲ ಮಾತು: "ನೋಡಿದ್ಯಾ?"

"ಗುಡಿಯಾಗ ನೋಡ್ದೆ, ಏನೂ ಅನಿಸಲಿಲ್ಲ. ಹಿತ್ತಲದಾಗ ಅನಿಸ್ತು, ಅಲ್ಲಿ ದೇವರಿರಲಿಲ್ಲ. ನನಗ ಏನೂ ತಿಳೀವಲ್ದಕ್ಕಾ."

ಶಿವಕಾಂತಮ್ಮ ತಂಬಿಗೆ ಮುಂದೆ ಹಿಡಿಯುತ್ತಾರೆ. ಲಾಲಮ್ಮ ಈ ಸಲ ಹಿಂದೆ ಸರಿಯುವುದಿಲ್ಲ. ಸೀರೆ ತುಸು ಎತ್ತಿ, ಧೂಳು ಹಿಡಿದ ಪಾದ ಎರಡನ್ನೂ ಮುಂದಿಡುತ್ತಾರೆ.

"ಈ ಕಾಲು ಎರಡೂ ಕಡೆ ನಿಂತು ಬಂದಾವ. ತೊಳಿ. ಖರೇ ಕಾಶಿ ಯಾವುದದನೋ, ಅದರ ಪುಣ್ಯ ನಿನಗ ಮುಟ್ಟಲಿ."