ಖಾಲಿ ಇದ್ದ ನಳಿಗೆ

ಕಣ್ಣಿಗೆ ಕಾಣದ ಸಂಗತಿಗಳ ಬಗ್ಗೆ ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಪೊಲೀಸ್ ಇಲಾಖೆಯ ಶಸ್ತ್ರಾಗಾರದಲ್ಲಿ ಬಂದೂಕು ಬಿಚ್ಚಿ, ಒರೆಸಿ, ಮತ್ತೆ ಕೂಡಿಸುವುದರಲ್ಲೇ ನನ್ನ ಸರ್ವಿಸು ಕಳೆಯಿತು. ಅಲ್ಲಿ ಅಳತೆಗೆ ಸಿಕ್ಕಿದ್ದು ಮಾತ್ರ ನಿಜ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಿವೃತ್ತನಾಗಿ ಹಿರಿಯೂರಿನಲ್ಲಿ ನೆಲೆಸಿ ಎರಡು ವರ್ಷವಾಗಿತ್ತು. ಇಲಾಖೆಯಲ್ಲಿ ಡ್ರೈವರ್ ಆಗಿದ್ದ ತಿಪ್ಪೇಸ್ವಾಮಿ ಒಂದು ಬೆಳಿಗ್ಗೆ ಫೋನು ಮಾಡಿದ. ಮದಕರಿಪುರದಲ್ಲಿ ಅವನ ಅಕ್ಕ ಕರಿಯಮ್ಮನ ಮನೆಯವರು ಕುರಿ ಕೂಡುವ ಹಳೆಯ ಕೊಟ್ಟಿಗೆಯ ಗೋಡೆ ಕೆಡವುವಾಗ, ಎಣ್ಣೆ ಹಚ್ಚಿದ ತೊಗಲಿನಲ್ಲಿ ಸುತ್ತಿಟ್ಟ ಪಿಸ್ತೂಲೊಂದು ಸಿಕ್ಕಿತ್ತು. ಠಾಣೆಗೆ ತಿಳಿಸಿದ್ದರು. ನಾಳೆ ಬಂದು ಒಯ್ಯುತ್ತೇವೆ, ಅಷ್ಟರಲ್ಲಿ ಅದು ಯಾವ ಕಾಲದ್ದೆಂದು ಬಲ್ಲವರಿಂದ ಬರೆಸಿಡಿ ಎಂದಿದ್ದರಂತೆ.

"ನೀನೊಂದ್ಸಲ ನೋಡಿಬಿಡಣ್ಣ. ಮನೇಲಿ ಇಟ್ಕಂಡು ಕುಂತಿರಾಕೆ ಅಕ್ಕಂಗೆ ಜೀವ ಡವಡವ ಅಂತೈತೆ," ಎಂದ.

ನಾನು ಹೋದಾಗ ಮಧ್ಯಾಹ್ನ ಎರಡು ಗಂಟೆ. ಕರಿಯಮ್ಮ ಬಾಗಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಜಗಲಿಯ ಮೇಲೆ ಗೋಣಿಚೀಲ ಹಾಸಿ ಪಿಸ್ತೂಲು ಇಟ್ಟಿದ್ದರು. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವಂಥದ್ದು, ಮೊಳದುದ್ದ, ಕಲ್ಲು ಇನ್ನೂ ಕೊಕ್ಕೆಯಲ್ಲಿ ಕಚ್ಚಿಕೊಂಡಿತ್ತು.

ಮೊದಲ ಕೆಲಸವಾಗಿ ನಳಿಗೆಯೊಳಗೆ ಸರಳು ಇಳಿಸಿ ಅಳೆದೆ. ಎಂಥ ಹಳೆಯ ಆಯುಧವಾದರೂ ಇದನ್ನು ಮಾಡದೆ ನಾನು ಮುಂದುವರಿದವನಲ್ಲ. ಸರಳು ಬುಡದವರೆಗೂ ಹೋಯಿತು. ಎರಡನೇ ಸಲವೂ ಅಷ್ಟೇ. ನಳಿಗೆ ಖಾಲಿ ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ಆಮೇಲೆ ಸೀಮೆಎಣ್ಣೆ ಹಾಕಿ ತುಕ್ಕು ಒರೆಸಿದೆ. ಪಕ್ಕದ ತಗಡಿನ ಮೇಲೆ ಹೃದಯದಾಕಾರದ ಮುದ್ರೆ ಮೂಡಿತು. ಒಳಗೆ ಗೆರೆ ಎಳೆದು ಮನೆ ಮಾಡಿ, ಒಂದೊಂದರಲ್ಲೂ ಒಂದೊಂದು ಇಂಗ್ಲಿಷ್ ಅಕ್ಷರ ಒತ್ತಿದ್ದರು. ಕುಂಪಣಿ ಸರಕಾರದ ಗುರುತು ಅದು. ನಳಿಗೆಯ ಬುಡದಲ್ಲಿ ಪರೀಕ್ಷೆ ಮಾಡಿದ ಎರಡು ಸಣ್ಣ ಮುದ್ರೆಗಳಿದ್ದವು. ಸೀಮೆಯಲ್ಲಿ, ಎಂದರೆ ಇಂಗ್ಲೆಂಡಿನಲ್ಲಿ, ತಯಾರಾಗಿ, ಕುಂಪಣಿಯ ಸವಾರನೊಬ್ಬನ ಜೊತೆ ಈ ಕಡೆ ಬಂದದ್ದೆಂದು ತಿಪ್ಪೇಸ್ವಾಮಿಗೆ ವಿವರಿಸಿದೆ. ನನಗೂ ಖುಷಿಯಾಗಿತ್ತು.

ತಯಾರಿಸಿದವನ ಹೆಸರು ನೋಡೋಣವೆಂದು ಆ ತಗಡನ್ನು ಬಿಚ್ಚಿದೆ. ತಿರುಪುಗಳು ಬಹಳ ಹೊತ್ತು ಸತಾಯಿಸಿದವು. ಅವನ್ನು ಈಚೆಗೆ ಯಾರೂ ಮುಟ್ಟಿರಲಿಲ್ಲ, ಅಷ್ಟು ನಾನು ಹೇಳಬಲ್ಲೆ. ತಗಡು ಈಚೆ ಬಂದಾಗ, ಅದರ ಹಿಂದಿನ ಮರದ ಗುಳಿಯಲ್ಲಿ ಮೊಳೆಯಿಂದ ಗೀಚಿದ ಕನ್ನಡ ಅಕ್ಷರಗಳು ಕಂಡವು.

"ತುಂಬೈತೆ," ಎಂದು ಗಟ್ಟಿಯಾಗಿ ಓದಿದೆ. ನಗು ಬಂತು. ಫೋಟೊ ತೆಗೆದುಕೊಂಡು ತಗಡನ್ನು ಮತ್ತೆ ಕೂಡಿಸಿದೆ.

"ಒಂದ್ಸಲ ಕಿಡಿ ಹಾರ್ಸಿ ತೋರ್ಸಣ್ಣ," ಎಂದ ತಿಪ್ಪೇಸ್ವಾಮಿ. ಕೊಕ್ಕೆ ಹಿಂದಕ್ಕೆಳೆದೆ. ಸ್ಪ್ರಿಂಗು ಹೊಸದರಂತೆ ಬಿಗಿಯಾಗಿತ್ತು. ನಳಿಗೆ ಕರಿಯಮ್ಮ ಕುಳಿತಿದ್ದ ಬಾಗಿಲ ಕಡೆಗಿತ್ತು. ಇಷ್ಟು ವರ್ಷ ಆಯುಧ ಹಿಡಿದ ನಾನು ಅದನ್ನು ಹೇಗೆ ಗಮನಿಸಲಿಲ್ಲವೋ ತಿಳಿಯದು.

ಕರಿಯಮ್ಮ ತಲೆಯೆತ್ತದೆ ಕೇಳಿದರು. "ತುಂಬೈತೆ ಅಂತ ನೀವೇ ಓದಿದ್ರಲ್ಲ. ಇನ್ನೊಂದ್ಸಲ ನೋಡ್ಬಿಡ್ರಿ."

"ಎರಡು ಸಲ ಅಳೆದಿದೀನಿ ತಾಯಿ. ಖಾಲಿ."

"ನಂಗೋಸ್ಕರ ನೋಡ್ರಿ."

ಅವರ ಸಮಾಧಾನಕ್ಕೆಂದು ಕೊಕ್ಕೆ ಇಳಿಸಿ ಸರಳು ತೂರಿಸಿದೆ. ಬುಡಕ್ಕೆ ಮೂರು ಬೆರಳು ಇರುವಾಗಲೇ ಅದು ನಿಂತಿತು.

ಇನ್ನೊಮ್ಮೆ ಇಳಿಸಿದೆ. ಅಲ್ಲೇ ನಿಂತಿತು. ತಿಪ್ಪೇಸ್ವಾಮಿ ನನ್ನ ಮುಖ ನೋಡಿ ಅಕ್ಕನನ್ನು ಕೈಹಿಡಿದು ಎಬ್ಬಿಸಿ ಹೊರಗೆ ಕರೆದುಕೊಂಡು ಹೋದ.

ಸರಳಿನ ತುದಿಗೆ ತಿರುಪು ಸಿಕ್ಕಿಸಿ ಗುಂಡನ್ನು ಈಚೆ ಎಳೆಯಲು ಅರ್ಧ ಗಂಟೆ ಬೇಕಾಯಿತು. ಹಳೆಯ ಸೀಸ ಬೂದು ಹಿಡಿದು ಬಿಳಿಚಿಕೊಂಡಿರಬೇಕು. ಈ ಗುಂಡು ನಿನ್ನೆ ಎರಕ ಹೊಯ್ದಂತೆ ಹೊಳೆಯುತ್ತಿತ್ತು. ಹಿಂದೆಯೇ ಮದ್ದು ಉದುರಿತು. ಅಂಗಳದ ಬಂಡೆಯ ಮೇಲೆ ಚಿಟಿಕೆಯಷ್ಟು ಇಟ್ಟು ಕಡ್ಡಿ ಗೀರಿದೆ. ಭಗ್ಗನೆ ಹೊತ್ತಿತು. ಬೇಲಿಯೊಳಗಿದ್ದ ಕುರಿಗಳೆಲ್ಲ ಒಟ್ಟಿಗೆ ಹಿಂದೆ ಸರಿದವು.

ಮರುದಿನ ಪಿಸ್ತೂಲು ಒಯ್ಯಲು ಬಂದ ಠಾಣೆಯವರ ಎದುರು ಆ ಬರಹ ತೋರಿಸಲೆಂದು ತಗಡು ಬಿಚ್ಚಿದೆ. ಗುಳಿಯಲ್ಲಿ ಬರೀ ಮರವಿತ್ತು. ಒಂದು ಗೀರೂ ಇರಲಿಲ್ಲ. ಮೊಬೈಲಿನಲ್ಲಿ ಮುದ್ರೆಗಳ ಫೋಟೊಗಳೆಲ್ಲ ಚೆನ್ನಾಗಿ ಬಂದಿವೆ, ಬರಹದ ಫೋಟೊದಲ್ಲಿ ಎಣ್ಣೆ ಕುಡಿದ ಕಪ್ಪು ಮರವಷ್ಟೇ ಇದೆ. ಹೃದಯದ ಮುದ್ರೆ, ಸೀಮೆಯ ಮಾಲು ಎಂದು ವರದಿ ಬರೆದುಕೊಟ್ಟು ಬಂದೆ. ಉಳಿದದ್ದನ್ನು ಬರೆಯುವ ಧೈರ್ಯವಾಗಲಿಲ್ಲ.

ಅಳತೆ ತಪ್ಪಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಣ್ಣು ಮೋಸ ಮಾಡಿರಬಹುದು ಎಂದೂ ಹೇಳಿಕೊಂಡಿದ್ದೇನೆ. ಎರಡೂ ಒಂದೇ ಮಧ್ಯಾಹ್ನ ಹೇಗೆ ಆದೀತು?

ಕಳೆದ ತಿಂಗಳು ಹಿರಿಯೂರಿನ ಬಸ್ ನಿಲ್ದಾಣದಲ್ಲಿ ತಿಪ್ಪೇಸ್ವಾಮಿ ಸಿಕ್ಕಿದ. ಅದು ಇದು ಮಾತಾಡಿ, ಹೊರಡುವ ಮುಂಚೆ ದನಿ ತಗ್ಗಿಸಿದ.

"ಬರೆದೋನು ನಮ್ಮಕ್ಕನ್ನ ಉಳಿಸ್ದ ಅಂತ ಇಟ್ಕಳಣ. ಆದ್ರೆ ತುಂಬಿದೋನು ಯಾರಣ್ಣ? ಅವತ್ತು ಜಗಲಿ ಮೇಲೆ ನಾವು ಮೂರೇ ಜನ ಇದ್ದಿದ್ದು."

ನನ್ನ ಬಸ್ಸು ಬಂದಿತ್ತು. ಹತ್ತಲಿಲ್ಲ. ಅದು ಹೋಗುವವರೆಗೂ ಅವನ ಪಕ್ಕದಲ್ಲೇ ನಿಂತಿದ್ದೆ.